ಎರಡು ತಕ್ಕಡಿ: ಪ್ಯಾಕ್-12 ಒಡೆದಾಗ ಉಳಿದುಹೋದ ಇಬ್ಬರ ಪ್ರಕರಣ

2023ರ ಸೆಪ್ಟೆಂಬರ್ 23, ಶನಿವಾರ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಪೂರ್ವದಂಚಿನಲ್ಲಿ, ಗೋಧಿ ಬೆಳೆಯುವ ದಿಣ್ಣೆಗಳ ನಡುವೆ ಪುಲ್‌ಮನ್ ಎಂಬ ಪುಟ್ಟ ಊರಿದೆ. ಅಲ್ಲಿ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ (ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಅಮೆರಿಕನ್ ಫುಟ್‌ಬಾಲ್) ಒರೆಗಾನ್ ಸ್ಟೇಟ್ ತಂಡವನ್ನು ಎದುರಿಸಿತು. ಪತ್ರಕರ್ತರು ವಾರವಾರವೂ ಮತ ಹಾಕಿ ಹೊರತರುವ ದೇಶದ ಮೊದಲ 25 ತಂಡಗಳ ಪಟ್ಟಿಯಲ್ಲಿ ಆ ವಾರ ಒರೆಗಾನ್ ಸ್ಟೇಟ್ 14ನೆಯ ಸ್ಥಾನದಲ್ಲಿತ್ತು, ವಾಷಿಂಗ್ಟನ್ ಸ್ಟೇಟ್ 21ನೆಯ ಸ್ಥಾನದಲ್ಲಿತ್ತು. ಮುನ್ನಂದಾಜು ಹೇಳುವವರ ಒಲವು ಅತಿಥಿಗಳ ಕಡೆಗಿತ್ತು. ಗೆದ್ದದ್ದು ಊರಿನ ತಂಡ, 38–35ರಿಂದ. ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ತಂಡದ ದಾಳಿ ನಡೆಸುವ ಆಟಗಾರ, ಕ್ಯಾಮ್ ವಾರ್ಡ್ ನಾಲ್ಕು ಟಚ್‌ಡೌನ್ ಪಾಸ್‌ಗಳನ್ನು (ಎದುರಾಳಿಯ ಕೊನೆಗೆರೆಯಾಚೆ ತಲುಪಿ ಅಂಕ ತರುವ ಎಸೆತ) ಎಸೆದರು.

ದೇಶದಲ್ಲಿ ಮೇಲಿನ ಹಂತದ ಕಾಲೇಜು ಫುಟ್‌ಬಾಲ್ ಆಡುವ ತಂಡಗಳು 130ಕ್ಕಿಂತ ಹೆಚ್ಚು. ಅವುಗಳಲ್ಲಿ ಮೊದಲ 25ರೊಳಗೆ ನಿಂತ ಈ ಎರಡು ತಂಡಗಳಿಗೆ ಮರುವರ್ಷ ಆಡಲು ನೆಲೆ ಇರಲಿಲ್ಲ. ಅವು ಸೇರಿದ್ದ ಪ್ಯಾಕ್-12 ಕಾನ್ಫರೆನ್ಸ್‌ನ 12 ಸದಸ್ಯರಲ್ಲಿ ಹತ್ತು ಮಂದಿ ಬೇರೆ ಕಡೆಗೆ ಹೊರಟು ನಿಂತಿದ್ದರು. ಉಳಿದವರು ಈ ಇಬ್ಬರೇ. ಆ ದಿನದ ಆಟವನ್ನು ಹಲವರು ‘ಪ್ಯಾಕ್-2 ಚಾಂಪಿಯನ್‌ಷಿಪ್’ ಎಂದು ಕರೆದರು. ನನಗೆ ಅದನ್ನು ಕೇಳಿ ನಗು ಬರಲಿಲ್ಲ. ಪುಲ್‌ಮನ್‌ನಲ್ಲಿ ಓದಿದವನು ನಾನು. ಶನಿವಾರ ಆಟವಿದ್ದರೆ ಶುಕ್ರವಾರವೇ ಆ ಊರಿನ ಬೀದಿಗಳು ತುಂಬುವುದನ್ನು ಕಂಡವನು. ಆದ್ದರಿಂದ ಈ ಬರಹದಲ್ಲಿ ನನ್ನ ಪಕ್ಷಪಾತವನ್ನು ಮರೆಮಾಚುವುದಿಲ್ಲ. ಆದರೆ ನನ್ನ ಪ್ರಶ್ನೆ ಪಕ್ಷಪಾತದ್ದಲ್ಲ: ಒಳ್ಳೆಯ ತಂಡ ಎಂದು ಎಲ್ಲರ ಅಂದಾಜೂ ಒಪ್ಪಿದ ತಂಡ ಯಾರಿಗೂ ಬೇಡವಾದದ್ದು ಹೇಗೆ? ಹಾಗೆ ಬೇಡವಾದ ಮೇಲೆ ಆ ಅಂದಾಜುಗಳಿಗೇ ಏನಾಯಿತು?

ಮೊದಲು ಎರಡು ವಿಷಯಗಳನ್ನು ಬಿಡಿಸಿ ಹೇಳಬೇಕು.

ಕಾನ್ಫರೆನ್ಸ್ ಎಂದರೆ ಕಾಲೇಜುಗಳು ತಾವೇ ಕಟ್ಟಿಕೊಂಡ ಕೂಟ. ಹೋದ ವರ್ಷ ಸೋತ ತಂಡ ಕೆಳಗಿಳಿಯುವುದು, ಗೆದ್ದದ್ದು ಮೇಲೇರುವುದು ಎಂಬ ಪದ್ಧತಿ ಇಲ್ಲಿಲ್ಲ. ಯಾರು ಒಳಗೆ, ಯಾರು ಹೊರಗೆ ಎಂಬುದನ್ನು ವಿಶ್ವವಿದ್ಯಾಲಯಗಳ ಅಧ್ಯಕ್ಷರು ಮತ ಹಾಕಿ ತೀರ್ಮಾನಿಸುತ್ತಾರೆ. ಕಾನ್ಫರೆನ್ಸ್ ತನ್ನ ಎಲ್ಲ ಪಂದ್ಯಗಳ ಪ್ರಸಾರ ಹಕ್ಕನ್ನು ಒಟ್ಟಾಗಿ ಮಾರಿ, ಬಂದ ಹಣವನ್ನು ಸದಸ್ಯರಿಗೆ ಹಂಚುತ್ತದೆ. ಈ ಹಣದಿಂದಲೇ ಈಜು, ವಾಲಿಬಾಲ್, ಓಟದ ತಂಡಗಳೂ ಬದುಕುತ್ತವೆ. ಫುಟ್‌ಬಾಲ್ ಎಂಬ ಒಂದು ಎತ್ತು ಇಡೀ ಗಾಡಿಯನ್ನು ಎಳೆಯುವ ವ್ಯವಸ್ಥೆ ಇದು.

ಎರಡನೆಯದು ಮುನ್ನಂದಾಜು. ಇದರಲ್ಲಿ ಮೂರು ಬಗೆ. ಆಟದ ಋತುವಿಗೆ ಮುಂಚೆ ಪತ್ರಕರ್ತರು ‘ಈ ಕಾನ್ಫರೆನ್ಸ್‌ನಲ್ಲಿ ಯಾರು ಮೊದಲು, ಯಾರು ಕೊನೆ’ ಎಂದು ಮತ ಹಾಕುತ್ತಾರೆ. ಪಂದ್ಯಕ್ಕೆ ಮುಂಚೆ ಬಾಜಿ ಮಾರುಕಟ್ಟೆ ‘ಸ್ಪ್ರೆಡ್’ ಹೊರಡಿಸುತ್ತದೆ. ಅಂದರೆ ಒಂದು ತಂಡ ಇನ್ನೊಂದನ್ನು ಎಷ್ಟು ಅಂಕಗಳಿಂದ ಸೋಲಿಸಬಹುದು ಎಂಬ ಸಂಖ್ಯೆ. ಇವೆರಡರ ಜೊತೆಗೆ ಲೆಕ್ಕಗಾರರ ಮಾದರಿಗಳಿವೆ. ಹಿಂದಿನ ವರ್ಷಗಳ ಸಾಧನೆ, ತಂಡಕ್ಕೆ ಮರಳುವ ಆಟಗಾರರ ಪಾಲು, ಹೊಸದಾಗಿ ಸೇರಿದವರ ಗುಣಮಟ್ಟ ಇವುಗಳನ್ನು ಕೂಡಿಸಿ ಪ್ರತಿ ತಂಡಕ್ಕೂ ಒಂದು ಬಲದ ಅಂಕ ಕೊಡುತ್ತವೆ. ಎರಡು ತಂಡಗಳ ಅಂಕಗಳನ್ನು ಕಳೆದು, ಸ್ವಂತ ಮೈದಾನದ ಅನುಕೂಲಕ್ಕೆಂದು ಎರಡೂವರೆಯಿಂದ ಮೂರು ಅಂಕ ಸೇರಿಸಿದರೆ ಅಂದಾಜು ಸಿದ್ಧ. ಇದರಲ್ಲಿ ಮಾಯೆ ಇಲ್ಲ, ತಪ್ಪೂ ಬಹಳ. ಎಲ್ಲಕ್ಕಿಂತ ನಂಬಲರ್ಹವಾದ ಸ್ಪ್ರೆಡ್ ಕೂಡ ಅಂತಿಮ ಅಂತರದಿಂದ ಸರಾಸರಿ ಹನ್ನೆರಡು ಅಂಕಗಳಷ್ಟು ಆಚೀಚೆಯಾಗುತ್ತದೆ. ನಾನು ಬಾಜಿ ಕಟ್ಟುವವನಲ್ಲ. ಆದರೂ ಪ್ರತಿ ವಾರ ಸ್ಪ್ರೆಡ್ ನೋಡುತ್ತೇನೆ, ಏಕೆಂದರೆ ಅಭಿಮಾನಿಯ ಆಸೆಯಿಂದ ಕೆಡದ ಅಂದಾಜು ಅದೊಂದೇ.

ಹಳೆಯ ಗಾಯ

ಪ್ಯಾಕ್-12ರ ಬೇರು 1915ರ ಡಿಸೆಂಬರ್‌ನಲ್ಲಿದೆ. ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್ ನಗರದ ಒಂದು ಹೋಟೆಲಿನಲ್ಲಿ ನಾಲ್ಕು ಕಾಲೇಜುಗಳು ಸೇರಿ ಪೆಸಿಫಿಕ್ ಕೋಸ್ಟ್ ಕಾನ್ಫರೆನ್ಸ್ ಕಟ್ಟಿದವು: ಕ್ಯಾಲಿಫೋರ್ನಿಯಾ, ವಾಷಿಂಗ್ಟನ್ (ಇದು ಸಿಯಾಟಲ್ ನಗರದ್ದು, ಪುಲ್‌ಮನ್‌ನ ವಾಷಿಂಗ್ಟನ್ ಸ್ಟೇಟ್ ಬೇರೆ), ಒರೆಗಾನ್ ಮತ್ತು ಇಂದು ಒರೆಗಾನ್ ಸ್ಟೇಟ್ ಎನಿಸಿಕೊಂಡಿರುವ ಕೃಷಿ ಕಾಲೇಜು. ವಾಷಿಂಗ್ಟನ್ ಸ್ಟೇಟ್ 1917ರಲ್ಲಿ, ಸ್ಟ್ಯಾನ್‌ಫರ್ಡ್ 1918ರಲ್ಲಿ ಬಂದವು. ಅಂದರೆ ಕೊನೆಗೆ ಮನೆಯಲ್ಲಿ ಉಳಿದುಹೋದ ಇಬ್ಬರಲ್ಲಿ ಒಬ್ಬರು ಆ ಮನೆಯ ಅಡಿಗಲ್ಲು ಇಟ್ಟವರು, ಇನ್ನೊಬ್ಬರು ಎರಡು ವರ್ಷ ತಡವಾಗಿ ಬಂದವರು.

2023ರ ಸುದ್ದಿಯಲ್ಲಿ ಯಾರೂ ಹೆಚ್ಚು ನೆನಪಿಸದ ಒಂದು ಸಂಗತಿ ಇದೆ. ಇದೇ ಕಥೆ ಒಮ್ಮೆ ನಡೆದುಹೋಗಿತ್ತು. ಆಟಗಾರರಿಗೆ ಗುಟ್ಟಾಗಿ ಹಣ ಕೊಟ್ಟ ಹಗರಣದಲ್ಲಿ ಹಳೆಯ ಕಾನ್ಫರೆನ್ಸ್ 1959ರಲ್ಲಿ ಮುಚ್ಚಿತು. ಒಡನೆಯೇ ಕ್ಯಾಲಿಫೋರ್ನಿಯಾ, ಲಾಸ್ ಏಂಜಲಿಸ್‌ನ ಯುಸಿಎಲ್ಎ ಮತ್ತು ಯುಎಸ್‌ಸಿ, ವಾಷಿಂಗ್ಟನ್, ಸ್ಟ್ಯಾನ್‌ಫರ್ಡ್ ಐವರೂ ಸೇರಿ ಹೊಸ ಕೂಟ ಕಟ್ಟಿಕೊಂಡರು. ವಾಷಿಂಗ್ಟನ್ ಸ್ಟೇಟ್ ಮತ್ತು ಒರೆಗಾನ್‌ನ ಎರಡೂ ಶಾಲೆಗಳು (ಅಲ್ಲಿ ವಿಶ್ವವಿದ್ಯಾಲಯವನ್ನೂ ಶಾಲೆ ಎನ್ನುತ್ತಾರೆ) ಹೊರಗೆ ನಿಂತವು. ವಾಷಿಂಗ್ಟನ್ ಸ್ಟೇಟ್‌ಗೆ 1962ರಲ್ಲಿ ಬಾಗಿಲು ತೆರೆಯಿತು, ಒರೆಗಾನ್‌ನವರಿಗೆ 1964ರಲ್ಲಿ. ಮುಂದೆ 1968ರಲ್ಲಿ ಅದಕ್ಕೆ ಪ್ಯಾಕ್-8 ಎಂಬ ಹೆಸರು ಬಂತು. 1978ರಲ್ಲಿ ಅರಿಜೋನಾದ ಇಬ್ಬರು ಸೇರಿ ಹತ್ತಾಯಿತು, 2011ರಲ್ಲಿ ಕೊಲರಾಡೊ ಮತ್ತು ಯೂಟಾ ಸೇರಿ ಹನ್ನೆರಡಾಯಿತು.

ಪ್ರಕರಣವನ್ನು ಅರಿಯಲು 1959 ಮುಖ್ಯ ಎಂದು ನಾನು ಭಾವಿಸುತ್ತೇನೆ. ಒಕ್ಕೂಟ ಗಟ್ಟಿಯಾಗಿರುವಷ್ಟು ದಿನ ಪುಲ್‌ಮನ್ನೂ ಒರೆಗಾನ್ ಸ್ಟೇಟ್‌ನ ಊರಾದ ಕೊರ್ವಾಲಿಸ್ಸೂ ಸರಿಸಮಾನ ಸದಸ್ಯರು. ಬಿರುಕು ಬಿಟ್ಟ ದಿನ ಮೊದಲು ಬೀಳುವವರು ಅವರೇ. ಒಂದು ವಾಷಿಂಗ್ಟನ್ ರಾಜ್ಯದ ಗೋಧಿ ಸೀಮೆಯ ಕೃಷಿ ವಿಶ್ವವಿದ್ಯಾಲಯ, ಇನ್ನೊಂದು ಒರೆಗಾನ್‌ನ ವಿಲಮೆಟ್ ಕಣಿವೆಯ ಕೃಷಿ ವಿಶ್ವವಿದ್ಯಾಲಯ. ಎರಡೂ ದೊಡ್ಡ ನಗರದ ನೆರಳಿಲ್ಲದವು.

ಹದಿಮೂರು ತಿಂಗಳು

2011ರಲ್ಲಿ ಪ್ಯಾಕ್-12 ಇಎಸ್‌ಪಿಎನ್ ಮತ್ತು ಫಾಕ್ಸ್ ಜೊತೆ 12 ವರ್ಷಗಳಿಗೆ ಸುಮಾರು 300 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡಾಗ ಅದು ಕಾನ್ಫರೆನ್ಸ್ ಒಂದಕ್ಕೆ ಆವರೆಗೆ ಸಿಕ್ಕ ದೊಡ್ಡ ಒಪ್ಪಂದವಾಗಿತ್ತು. ಮರುವರ್ಷ ಅದು ತನ್ನದೇ ಟಿವಿ ಚಾನಲ್‌ಗಳನ್ನು ಆರಂಭಿಸಿತು. ಬೇರೆ ಕಾನ್ಫರೆನ್ಸ್‌ಗಳು ಇಂತಹ ಚಾನಲ್ಲಿಗೆ ದೊಡ್ಡ ಪ್ರಸಾರ ಸಂಸ್ಥೆಯನ್ನು ಪಾಲುದಾರನಾಗಿ ಇಟ್ಟುಕೊಂಡವು. ಪ್ಯಾಕ್-12 ಎಲ್ಲವನ್ನೂ ತಾನೇ ಇಟ್ಟುಕೊಂಡಿತು. ಫಲವಾಗಿ ಡೈರೆಕ್‌ಟಿವಿ ಎಂಬ ದೊಡ್ಡ ಉಪಗ್ರಹ ಸೇವೆಯಲ್ಲಿ ಆ ಚಾನಲ್ ಎಂದೂ ಕಾಣಿಸಲಿಲ್ಲ. ಮಿಡ್‌ವೆಸ್ಟಿನ ಮತ್ತು ದಕ್ಷಿಣದ ಕಾನ್ಫರೆನ್ಸ್‌ಗಳು ಹಣದಲ್ಲಿ ಮುಂದೆ ಓಡಿದವು.

2021ರ ಜುಲೈನಲ್ಲಿ ಟೆಕ್ಸಸ್ ಮತ್ತು ಒಕ್ಲಹೋಮಾ ತಂಡಗಳು ಬಿಗ್ 12 ಎಂಬ ಕಾನ್ಫರೆನ್ಸ್ ಬಿಟ್ಟು ದಕ್ಷಿಣದ ಎಸ್‌ಇಸಿ ಕಾನ್ಫರೆನ್ಸ್‌ಗೆ ಹೊರಟವು. ಗಾಬರಿಗೊಂಡ ಪ್ಯಾಕ್-12, ಮಿಡ್‌ವೆಸ್ಟಿನ ಬಿಗ್ ಟೆನ್ ಮತ್ತು ಅಟ್ಲಾಂಟಿಕ್ ದಂಡೆಯ ಎಸಿಸಿ ಕಾನ್ಫರೆನ್ಸ್‌ಗಳು ಆಗಸ್ಟ್‌ನಲ್ಲಿ ‘ಮೈತ್ರಿ’ ಘೋಷಿಸಿದವು. ಸಹಿ ಹಾಕಿದ ಕರಾರು ಅದಕ್ಕಿರಲಿಲ್ಲ, ಪರಸ್ಪರ ನಂಬಿಕೆಯೇ ಸಾಕು ಎಂದರು. ಹತ್ತೇ ತಿಂಗಳಲ್ಲಿ, 2022ರ ಜೂನ್ 30ರಂದು, ಅದೇ ಬಿಗ್ ಟೆನ್ ಲಾಸ್ ಏಂಜಲಿಸ್‌ನ ಯುಎಸ್‌ಸಿ ಮತ್ತು ಯುಸಿಎಲ್ಎಗಳನ್ನು ತನ್ನೊಳಗೆ ಸೇರಿಸಿಕೊಂಡಿತು. ಲಾಸ್ ಏಂಜಲಿಸ್ ದೇಶದ ಎರಡನೆಯ ದೊಡ್ಡ ಟಿವಿ ಮಾರುಕಟ್ಟೆ. ಪ್ಯಾಕ್-12ರ ಮುಂದಿನ ಪ್ರಸಾರ ಒಪ್ಪಂದದ ಬೆಲೆ ಆ ಒಂದೇ ದಿನದಲ್ಲಿ ಕುಸಿಯಿತು.

ಮುಂದಿನ ಹದಿಮೂರು ತಿಂಗಳು ಪ್ಯಾಕ್-12 ಕಳೆದುಕೊಂಡದ್ದು ಸಮಯ. 2022ರ ಅಕ್ಟೋಬರ್‌ನಲ್ಲಿ ಬಿಗ್ 12 ಅದನ್ನು ದಾಟಿ ಮುಂದೆ ಹೋಗಿ, ಆರು ವರ್ಷಗಳಿಗೆ 228 ಕೋಟಿ ಡಾಲರ್ ಒಪ್ಪಂದ ಮುಗಿಸಿತು. ಪ್ರತಿ ಶಾಲೆಗೆ ವರ್ಷಕ್ಕೆ ಸರಾಸರಿ 3.17 ಕೋಟಿ. ಮಾರುಕಟ್ಟೆಯಲ್ಲಿ ಇದ್ದ ಹಣವೂ ಪ್ರಸಾರದ ಹೊತ್ತೂ ಅಲ್ಲಿಗೆ ಹೋಯಿತು. ಪ್ಯಾಕ್-12ರ ಆಯುಕ್ತರಾಗಿದ್ದ ಜಾರ್ಜ್ ಕ್ಲಿಯಾವ್‌ಕಾಫ್ ‘ಒಪ್ಪಂದ ಬರುತ್ತದೆ, ಕಾದಷ್ಟೂ ಒಳ್ಳೆಯದು’ ಎಂಬ ಧಾಟಿಯಲ್ಲೇ ಮಾತನಾಡುತ್ತಿದ್ದರು. 2023ರ ಜುಲೈ 27ರಂದು ಕೊಲರಾಡೊ ಬಿಗ್ 12ಕ್ಕೆ ಹೊರಟಿತು. ಆಗಸ್ಟ್ 1ರಂದು ಕೊನೆಗೂ ಒಂದು ಪ್ರಸ್ತಾವ ಮೇಜಿಗೆ ಬಂತು: ಆಪಲ್ ಸಂಸ್ಥೆಯ ಸ್ಟ್ರೀಮಿಂಗ್ ಸೇವೆ. ಪ್ರತಿ ಶಾಲೆಗೆ ಖಚಿತವಾದ ಮೊತ್ತ 2.5 ಕೋಟಿ ಡಾಲರ್ ಆಸುಪಾಸು ಎಂದು ವರದಿಯಾಯಿತು. ಅದಕ್ಕೆ ಮೇಲಿನದು ಎಷ್ಟು ಜನ ಚಂದಾದಾರರಾಗುತ್ತಾರೆ ಎಂಬುದರ ಮೇಲೆ.

ಆಗಸ್ಟ್ 4, ಶುಕ್ರವಾರ. ಉಳಿದ ಒಂಬತ್ತು ಶಾಲೆಗಳ ಅಧ್ಯಕ್ಷರು ಬೆಳಿಗ್ಗೆ ಸಹಿ ಹಾಕುತ್ತಾರೆ ಎಂದೇ ಹಲವರು ನಂಬಿದ್ದರು. ಸಂಜೆಯ ಹೊತ್ತಿಗೆ ವಾಷಿಂಗ್ಟನ್ ಮತ್ತು ಒರೆಗಾನ್ ಬಿಗ್ ಟೆನ್ನಿಗೆ ಹೋಗಿದ್ದವು. ಅರಿಜೋನಾ, ಅರಿಜೋನಾ ಸ್ಟೇಟ್, ಯೂಟಾ ಬಿಗ್ 12ಕ್ಕೆ. ಸೆಪ್ಟೆಂಬರ್ 1ರಂದು ಸ್ಟ್ಯಾನ್‌ಫರ್ಡ್ ಮತ್ತು ಕ್ಯಾಲಿಫೋರ್ನಿಯಾ, ಪೆಸಿಫಿಕ್ ಸಾಗರದ ದಂಡೆಯ ಈ ಎರಡು ಶಾಲೆಗಳು, ಅಟ್ಲಾಂಟಿಕ್ ಕೋಸ್ಟ್ ಎಂದು ಹೆಸರಿರುವ ಕಾನ್ಫರೆನ್ಸ್ (ಎಸಿಸಿ) ಸೇರಿದವು. ಅದೂ ಏಳು ವರ್ಷ ಪ್ರಸಾರದ ಹಣದಲ್ಲಿ ಸುಮಾರು ಮೂರನೆಯ ಒಂದು ಪಾಲಿಗೆ ಒಪ್ಪಿಕೊಂಡು. ವಾಷಿಂಗ್ಟನ್, ಒರೆಗಾನ್ ಕೂಡ ಅರ್ಧ ಪಾಲಿಗೇ ಹೋದವು. ಅಂಜಿಕೆ ಎಷ್ಟಿತ್ತೆಂದರೆ ಯಾರೂ ಚೌಕಾಸಿಗೆ ನಿಲ್ಲಲಿಲ್ಲ.

ಇಲ್ಲಿ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಒಬ್ಬರೇ ಖಳನಾಯಕರನ್ನು ಹುಡುಕುವುದು ಸುಲಭ, ಆದರೆ ತಪ್ಪು. ಹೋದ ಪ್ರತಿಯೊಬ್ಬ ಅಧ್ಯಕ್ಷರೂ ತಮ್ಮ ಶಾಲೆಯ ದೃಷ್ಟಿಯಿಂದ ಸರಿಯಾದುದನ್ನೇ ಮಾಡಿದರು. ಎಲ್ಲರೂ ಸರಿಯಾದುದನ್ನೇ ಮಾಡಿದ್ದರಿಂದ 108 ವರ್ಷಗಳ ಸಂಸ್ಥೆಯೊಂದು ಒಂದು ಮಧ್ಯಾಹ್ನದಲ್ಲಿ ಉರುಳಿತು. ತಾವು ಹೋಗುವ ಮುನ್ನ ಪಕ್ಕದ ಮನೆಯವರ ಗತಿಯೇನೆಂದು ಕೇಳುವ ಹೊಣೆ ಯಾರ ಮೇಲೂ ಇರಲಿಲ್ಲ.

ಅಂದಾಜುಗಳ ಕೊನೆಯ ಸುಗ್ಗಿ

ವಿಚಿತ್ರವೆಂದರೆ ಆಟದ ಮಟ್ಟಿಗೆ 2023 ಆ ಕಾನ್ಫರೆನ್ಸ್‌ಗೆ ಹಲವು ವರ್ಷಗಳಲ್ಲೇ ಒಳ್ಳೆಯ ವರ್ಷ. ಪುಲ್‌ಮನ್ ಪಂದ್ಯದ ವಾರ ಪ್ಯಾಕ್-12ರ ಎಂಟು ತಂಡಗಳು ಮೊದಲ 25ರಲ್ಲಿದ್ದವು. ಅದಕ್ಕೆ ಎರಡು ವಾರ ಮುಂಚೆ ವಾಷಿಂಗ್ಟನ್ ಸ್ಟೇಟ್ ಬಿಗ್ ಟೆನ್ ಸದಸ್ಯನಾದ ವಿಸ್ಕಾನ್ಸಿನ್ ತಂಡವನ್ನು 31–22ರಿಂದ ಸೋಲಿಸಿತ್ತು. ಪ್ರಸಾರ ಮಾರುಕಟ್ಟೆ ಬೇಡವೆಂದ ತಂಡ, ಮಾರುಕಟ್ಟೆಗೆ ಬೇಕಾದ ತಂಡವನ್ನು ಮೈದಾನದಲ್ಲಿ ಮಣಿಸಿತು. ಕಾನ್ಫರೆನ್ಸ್‌ನಲ್ಲಿ ಜಾಗ ಕೊಡುವ ತಕ್ಕಡಿಯೇ ಬೇರೆ, ತಂಡದ ಬಲ ತೂಗುವ ತಕ್ಕಡಿಯೇ ಬೇರೆ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ.

ಋತುವಿಗೆ ಮುಂಚಿನ ಮತದಾನದಲ್ಲಿ ಪತ್ರಕರ್ತರು ಯುಎಸ್‌ಸಿಯನ್ನು ಮೊದಲಿಗೆ, ವಾಷಿಂಗ್ಟನ್ ತಂಡವನ್ನು ಎರಡನೆಯದಾಗಿ ಇಟ್ಟಿದ್ದರು. ಅರಿಜೋನಾಕ್ಕೆ ಎಂಟನೆಯ ಸ್ಥಾನ. ಕೊನೆಗೆ ವಾಷಿಂಗ್ಟನ್ ಕಾನ್ಫರೆನ್ಸ್‌ನ ಒಂಬತ್ತು ಪಂದ್ಯಗಳನ್ನೂ ಗೆದ್ದಿತು, ಅರಿಜೋನಾ ಏಳು ಗೆದ್ದು ಮೂರನೆಯದಾಯಿತು, ಯುಎಸ್‌ಸಿ ಐದು ಗೆದ್ದು ನಾಲ್ಕು ಸೋತಿತು. ಇಂತಹ ತಪ್ಪು ಪ್ರತಿ ವರ್ಷದ ಮಾತು.

ಹೆಚ್ಚು ಕಲಿಸುವ ತಪ್ಪು ಡಿಸೆಂಬರ್ 1ರದು. ಲಾಸ್ ವೇಗಸ್‌ನಲ್ಲಿ ಹಳೆಯ ಪ್ಯಾಕ್-12ರ ಕೊನೆಯ ಚಾಂಪಿಯನ್‌ಷಿಪ್ ಪಂದ್ಯ, ವಾಷಿಂಗ್ಟನ್ ಮತ್ತು ಒರೆಗಾನ್ ನಡುವೆ. ಅಕ್ಟೋಬರ್‌ನಲ್ಲಿ ಸಿಯಾಟಲ್‌ನಲ್ಲಿ ವಾಷಿಂಗ್ಟನ್ 36–33ರಿಂದ ಗೆದ್ದಿತ್ತು, ಇಡೀ ವರ್ಷ ಒಂದೂ ಸೋತಿರಲಿಲ್ಲ. ಆದರೂ ಸ್ಪ್ರೆಡ್ ಒರೆಗಾನ್ ಒಂಬತ್ತಕ್ಕಿಂತ ಹೆಚ್ಚು ಅಂಕಗಳಿಂದ ಗೆಲ್ಲುತ್ತದೆ ಎಂದಿತು. ಸೋಲದ ತಂಡದ ಮೇಲೆ ಇಷ್ಟು ಅಪನಂಬಿಕೆ ಏಕೆ? ಮಾದರಿಗಳು ಗೆಲುವನ್ನು ಎಣಿಸುವುದಕ್ಕಿಂತ ಗೆಲುವಿನ ಅಂತರವನ್ನು ಎಣಿಸುತ್ತವೆ. ವಾಷಿಂಗ್ಟನ್ ಅರಿಜೋನಾ ಸ್ಟೇಟ್ ತಂಡವನ್ನು 15–7ರಿಂದ, ಒರೆಗಾನ್ ಸ್ಟೇಟ್ ತಂಡವನ್ನು ಮಳೆಯಲ್ಲಿ 22–20ರಿಂದ, ವಾಷಿಂಗ್ಟನ್ ಸ್ಟೇಟ್ ತಂಡವನ್ನು ಕೊನೆಯ ಕ್ಷಣದ ಫೀಲ್ಡ್ ಗೋಲ್‌ನಿಂದ (ಕಂಬಗಳ ನಡುವೆ ಚೆಂಡು ಒದ್ದು ಪಡೆಯುವ ಮೂರು ಅಂಕ) 24–21ರಿಂದ ಗೆದ್ದಿತ್ತು. ಕೂದಲೆಳೆಯ ಗೆಲುವು ಅದೃಷ್ಟದ್ದು, ಅದೃಷ್ಟ ಮರಳಿ ಬರುವುದಿಲ್ಲ ಎಂದು ಲೆಕ್ಕ ಹೇಳುತ್ತದೆ. ಒರೆಗಾನ್ ಮಾತ್ರ ಎದುರಾಳಿಗಳನ್ನು ಚಿಂದಿ ಮಾಡಿತ್ತು. ಲೆಕ್ಕ ಸರಿಯೇ ಇತ್ತು. ವಾಷಿಂಗ್ಟನ್ ಮತ್ತೆ ಗೆದ್ದಿತು, 34–31. ಮತ್ತೆ ಮೂರೇ ಅಂಕ! ಜನವರಿ 1ರಂದು ಟೆಕ್ಸಸ್ ತಂಡವನ್ನೂ 37–31ರಿಂದ ಸೋಲಿಸಿತು. ಒಂದು ವಾರದ ಬಳಿಕ ಹ್ಯೂಸ್ಟನ್‌ನಲ್ಲಿ ರಾಷ್ಟ್ರೀಯ ಫೈನಲ್‌ನಲ್ಲಿ ಮಿಷಿಗನ್ ಎದುರು 34–13ರಿಂದ ಸೋತಿತು. ಮಿಷಿಗನ್ ಮರುವರ್ಷ ವಾಷಿಂಗ್ಟನ್‌ನ ಕಾನ್ಫರೆನ್ಸ್ ಒಡನಾಡಿ.

ಇನ್ನು ಪುಲ್‌ಮನ್ ತಂಡ. ಮೊದಲ ನಾಲ್ಕನ್ನೂ ಗೆದ್ದ ಅದು ನಂತರ ಸಾಲಾಗಿ ಆರು ಸೋತು, ಋತುವನ್ನು 5–7ಕ್ಕೆ (ಐದು ಗೆಲುವು, ಏಳು ಸೋಲು) ಮುಗಿಸಿತು. ಅದನ್ನು 21ನೆಯ ಸ್ಥಾನದಲ್ಲಿಟ್ಟ ಅಂದಾಜೂ ಬಿದ್ದುಹೋಯಿತು. ಇದನ್ನು ನಾನು ಮುಚ್ಚಿಡಬಾರದು. ‘ಅನ್ಯಾಯಕ್ಕೊಳಗಾದ ಮಹಾನ್ ತಂಡ’ ಎಂದು ಬರೆಯುವ ಆಸೆ ನನ್ನಲ್ಲಿ ಇದ್ದರೂ ನವೆಂಬರ್‌ನಲ್ಲಿ ಅದು ಹಾಗೆ ಆಡಲಿಲ್ಲ. ಆದರೆ ಅದೇ ನವೆಂಬರ್‌ನಲ್ಲಿ ಒರೆಗಾನ್ ಸ್ಟೇಟ್‌ನಲ್ಲಿ ನಡೆದದ್ದನ್ನೂ ನೋಡಬೇಕು. ಆ ಶಾಲೆಯಲ್ಲೇ ಕ್ವಾರ್ಟರ್‌ಬ್ಯಾಕ್ ಆಗಿ ಆಡಿ, ಬಳಿಕ ಕೋಚ್ ಆಗಿ ತಂಡವನ್ನು ಎಬ್ಬಿಸಿ ನಿಲ್ಲಿಸಿದ್ದ ಜೊನಾಥನ್ ಸ್ಮಿತ್, ನೆರೆಯ ಒರೆಗಾನ್ ಎದುರು 31–7ರಿಂದ ಸೋತ ಮರುದಿನವೇ ಬಿಗ್ ಟೆನ್‌ನ ಮಿಷಿಗನ್ ಸ್ಟೇಟ್‌ಗೆ ಹೊರಟರು. ಕ್ಯಾಮ್ ವಾರ್ಡ್ ಪುಲ್‌ಮನ್ ಬಿಟ್ಟು ಮಯಾಮಿಗೆ ಹೋದರು. 2025ರಲ್ಲಿ ವೃತ್ತಿಪರ ಲೀಗ್‌ನ ಆಯ್ಕೆಯಲ್ಲಿ ದೇಶಕ್ಕೇ ಮೊದಲಿಗರಾದರು. ಅವರ ಹೆಸರಿನ ಪಕ್ಕದಲ್ಲಿ ಇದ್ದದ್ದು ಮಯಾಮಿ.

ಎರಡು ತಕ್ಕಡಿಗಳು ಕೂಡುವ ಜಾಗ ಇದೇ. ಸದಸ್ಯತ್ವ ಮೊದಲು ಹಣವನ್ನು ಬದಲಿಸಿತು. ಹಣ ಕೋಚ್‌ನನ್ನು ಬದಲಿಸಿತು, ಕೋಚ್ ಹೋದದ್ದೂ ಹಣ ಹೋದದ್ದೂ ಸೇರಿ ಆಟಗಾರರನ್ನು ಬದಲಿಸಿದವು. ಆಗ ಅಂದಾಜಿನ ಅಡಿಪಾಯವೇ ಅಲುಗಿತು. ‘ಮರಳುವ ಆಟಗಾರರ ಪಾಲು’ ಎಂದು ಮಾದರಿ ಕೇಳುವ ಸಂಖ್ಯೆ ಒಂದೇ ಚಳಿಗಾಲದಲ್ಲಿ ಇಳಿದುಹೋಯಿತು.

ಕೋಲ್‌ಫ್ಯಾಕ್ಸ್‌ನ ನ್ಯಾಯಾಲಯ

ಪುಲ್‌ಮನ್‌ನಿಂದ ಸುಮಾರು 25 ಕಿಲೋಮೀಟರ್ ದೂರದ ಕೋಲ್‌ಫ್ಯಾಕ್ಸ್, ವಿಟ್‌ಮನ್ ಕೌಂಟಿಯ ಕೇಂದ್ರ. ಅಲ್ಲಿನ ಸಣ್ಣ ನ್ಯಾಯಾಲಯದಲ್ಲಿ ಉಳಿದ ಇಬ್ಬರು ದಾವೆ ಹೂಡಿದರು. ಪ್ರಶ್ನೆ ಒಂದೇ: ಬಿಟ್ಟು ಹೋಗುವುದಾಗಿ ಸಾರಿದವರಿಗೆ ಕಾನ್ಫರೆನ್ಸ್‌ನ ಹಣದ ಮೇಲೆ ಮತದ ಹಕ್ಕು ಇರಬೇಕೇ? ನಿಯಮಾವಳಿಯ ಪ್ರಕಾರ ಹೊರಡುವ ಸೂಚನೆ ಕೊಟ್ಟವರು ಆಡಳಿತ ಮಂಡಳಿಯ ಸ್ಥಾನ ಕಳೆದುಕೊಳ್ಳುತ್ತಾರೆ. 2022ರಲ್ಲಿ ಯುಎಸ್‌ಸಿ ಮತ್ತು ಯುಸಿಎಲ್ಎಗಳನ್ನು ಇದೇ ಕಾರಣಕ್ಕೆ ಮಂಡಳಿಯಿಂದ ಹೊರಗಿಟ್ಟಿದ್ದರು. ಹಾಗೆ ಹೊರಗಿಟ್ಟವರಲ್ಲಿ ಈಗ ಹೊರಟಿದ್ದವರೂ ಇದ್ದರು. ತಾವೇ ಬಳಸಿದ ನಿಯಮ ತಮಗೆ ಅನ್ವಯಿಸದು ಎಂದು ಅವರು ವಾದಿಸಬೇಕಾಯಿತು.

ನವೆಂಬರ್ 14ರಂದು ನ್ಯಾಯಾಧೀಶ ಗ್ಯಾರಿ ಲಿಬಿ ಇಬ್ಬರ ಪರ ಮಧ್ಯಂತರ ಆದೇಶ ಕೊಟ್ಟರು. ಡಿಸೆಂಬರ್‌ನಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಮಧ್ಯ ಪ್ರವೇಶಿಸಲು ಒಪ್ಪಲಿಲ್ಲ. ಕೊನೆಗೆ ರಾಜಿಯಾಯಿತು. ಹೊರಟ ಹತ್ತು ಶಾಲೆಗಳು ಒಟ್ಟು 6.5 ಕೋಟಿ ಡಾಲರ್ ಬಿಟ್ಟುಕೊಟ್ಟವು. ಕಾನ್ಫರೆನ್ಸ್‌ನ ಹೆಸರು, ಮುಂದೆ ಬರಬೇಕಾದ ಆದಾಯ, ಹೊಣೆಗಾರಿಕೆ ಎಲ್ಲವೂ ಇಬ್ಬರದಾಯಿತು. ಮೇಲಿನ ಹಂತದ ಕಾನ್ಫರೆನ್ಸ್‌ಗೆ ಕನಿಷ್ಠ ಎಂಟು ಸದಸ್ಯರಿರಬೇಕು, ಕಡಿಮೆಯಾದರೆ ಎರಡು ವರ್ಷದ ಅವಕಾಶ ಉಂಟು. ಆ ಎರಡು ವರ್ಷವೇ ಅವರ ಆಯುಷ್ಯ.

2024: ಲೆಕ್ಕ ತಪ್ಪಿದ ವರ್ಷ

ಇಬ್ಬರ ಕಾನ್ಫರೆನ್ಸ್‌ಗೆ ಪಂದ್ಯಗಳೆಲ್ಲಿ? ಮೌಂಟನ್ ವೆಸ್ಟ್ ಎಂಬ ಚಿಕ್ಕ ಕಾನ್ಫರೆನ್ಸ್‌ಗೆ 1.4 ಕೋಟಿ ಡಾಲರ್ ಕೊಟ್ಟು, ಅದರ ತಂಡಗಳೊಡನೆ ತಲಾ ಆರು ಪಂದ್ಯ ಪಡೆದರು. ಪ್ಯಾಕ್-12 2022ರ ಹಣಕಾಸು ವರ್ಷದಲ್ಲಿ ಪ್ರತಿ ಸದಸ್ಯನಿಗೆ ಹಂಚಿದ್ದು ಸುಮಾರು 3.7 ಕೋಟಿ ಡಾಲರ್ ಎಂಬುದನ್ನು ಇದರ ಪಕ್ಕ ಇಟ್ಟು ನೋಡಬೇಕು.

ಆ ವರ್ಷ ಹೊರಟವರ ಕಥೆಯೇ ಅಂದಾಜುಗಾರರಿಗೆ ಪಾಠವಾಯಿತು. ಬಿಗ್ 12ರ ಪತ್ರಕರ್ತರು ಹೊಸದಾಗಿ ಬಂದ ಯೂಟಾವನ್ನು ಮೊದಲ ಸ್ಥಾನಕ್ಕೆ ಆರಿಸಿದರು, ಹೊಸದಾಗಿ ಬಂದ ಅರಿಜೋನಾ ಸ್ಟೇಟ್‌ಗೆ ಹದಿನಾರರಲ್ಲಿ ಹದಿನಾರನೆಯ ಸ್ಥಾನ ಕೊಟ್ಟರು. ಯೂಟಾದ ಕ್ವಾರ್ಟರ್‌ಬ್ಯಾಕ್ ಕ್ಯಾಮ್ ರೈಸಿಂಗ್ ಗಾಯಗೊಂಡರು, ತಂಡ 5–7ಕ್ಕೆ ಇಳಿಯಿತು. ಹಿಂದಿನ ವರ್ಷ ಮೂರೇ ಪಂದ್ಯ ಗೆದ್ದಿದ್ದ ಅರಿಜೋನಾ ಸ್ಟೇಟ್ ಕಾನ್ಫರೆನ್ಸ್ ಫೈನಲ್‌ನಲ್ಲಿ ಅಯೋವಾ ಸ್ಟೇಟ್ ತಂಡವನ್ನು 45–19ರಿಂದ ಸೋಲಿಸಿ ಚಾಂಪಿಯನ್ ಆಯಿತು. ಪಟ್ಟಿ ತಲೆಕೆಳಗಾಯಿತು ಎಂಬ ಮಾತು ಇಲ್ಲಿ ಅಕ್ಷರಶಃ ಸತ್ಯ.

ಇದು ಬರೀ ಅದೃಷ್ಟವಲ್ಲ ಎಂದು ನನ್ನ ವಾದ. ಒಂದೇ ಕಾನ್ಫರೆನ್ಸ್‌ನ ತಂಡಗಳು ವರ್ಷವರ್ಷವೂ ಪರಸ್ಪರ ಆಡುತ್ತಿರುವುದರಿಂದ ಅವುಗಳ ಬಲದ ಹೋಲಿಕೆ ನಂಬಲರ್ಹ. ಕಾನ್ಫರೆನ್ಸ್ ಕಾನ್ಫರೆನ್ಸ್‌ಗಳ ನಡುವೆ ಪಂದ್ಯಗಳೇ ಕಡಿಮೆ. ಆ ತೆಳುವಾದ ಎಳೆಗಳ ಮೇಲೆ ಮಾತ್ರ ‘ಪ್ಯಾಕ್-12ರ ಐದನೆಯ ತಂಡ ಬಿಗ್ 12ರಲ್ಲಿ ಎಷ್ಟನೆಯದು’ ಎಂಬ ಲೆಕ್ಕ ನಿಂತಿದೆ. ಸದಸ್ಯತ್ವ ಬದಲಾದ ಮೊದಲ ವರ್ಷ ಪ್ರತಿ ವಾರವೂ ಅಂದಾಜುಗಾರ ಆ ತೆಳು ಎಳೆಯ ಮೇಲೆಯೇ ನಡೆಯಬೇಕಾಗುತ್ತದೆ. ಅವರು ತಪ್ಪಿದ್ದಕ್ಕೆ ಹೀಯಾಳಿಸುವುದು ಸರಿಯಲ್ಲ. ಅವರ ಕೈಯಲ್ಲಿದ್ದ ಅಳತೆಗೋಲೇ ಮುರಿದಿತ್ತು.

ಪ್ರಯಾಣದ ಲೆಕ್ಕವೂ ಹಾಗೆಯೇ. 2024ರಲ್ಲಿ ವಾಷಿಂಗ್ಟನ್ ತನ್ನ ಮೈದಾನದಲ್ಲಿ ಆಡಿದ ಆರೂ ಪಂದ್ಯ ಗೆದ್ದಿತು, ಮಿಷಿಗನ್ ವಿರುದ್ಧದ 27–17ರ ಗೆಲುವು ಸೇರಿ. ಎದುರಾಳಿಯ ಮೈದಾನದಲ್ಲಿ ಆಡಿದ ಐದನ್ನೂ ಸೋತಿತು. ನ್ಯೂಜೆರ್ಸಿಯ ರಟ್ಗರ್ಸ್ ವಿಶ್ವವಿದ್ಯಾಲಯಕ್ಕೆ ಸಿಯಾಟಲ್‌ನಿಂದ ಮೂರು ಸಾವಿರದ ಎಂಟುನೂರು ಕಿಲೋಮೀಟರ್ ಆಸುಪಾಸು, ಗಡಿಯಾರದಲ್ಲಿ ಮೂರು ಗಂಟೆ ವ್ಯತ್ಯಾಸ. ಅಲ್ಲಿ ಶುಕ್ರವಾರ ರಾತ್ರಿ 21–18ರಿಂದ ಸೋತಿತು. ಎಲ್ಲ ಪಂದ್ಯಕ್ಕೂ ಒಂದೇ ಎರಡೂವರೆ ಅಂಕ ಸೇರಿಸುವ ಹಳೆಯ ರೂಢಿ ಇಂತಹ ದೂರಗಳಿಗೆ ಹೇಳಿದ್ದಲ್ಲ. ಹಾಗೆಂದು ಎಲ್ಲವನ್ನೂ ವಿಮಾನದ ಮೇಲೆ ಹೊರಿಸಲೂ ಆಗದು. ಆ ಐದರಲ್ಲಿ ಒಂದು ಸೋಲು ಪಕ್ಕದ ಒರೆಗಾನ್‌ನಲ್ಲೇ ಆದದ್ದು. ಕೋಚ್ ಕೇಲನ್ ಡಿಬೋರ್ ಜನವರಿಯಲ್ಲೇ ಅಲಬಾಮಾಗೆ ಹೋಗಿದ್ದರು, ಕ್ವಾರ್ಟರ್‌ಬ್ಯಾಕ್ ಮೈಕಲ್ ಪೆನಿಕ್ಸ್ ವೃತ್ತಿಪರ ಆಟಕ್ಕೆ ಹೋಗಿದ್ದರು. ಹಾಗೆಯೇ ದೂರದ ಊರುಗಳಿಗೆ ಹಾರಿದ ಒರೆಗಾನ್ ಒಂದೂ ಸೋಲದೆ ಬಿಗ್ ಟೆನ್ ಚಾಂಪಿಯನ್ ಆಯಿತು.

ಈಗ 2024ರ ಸೆಪ್ಟೆಂಬರ್ 14ಕ್ಕೆ ಬರುತ್ತೇನೆ. ನಾನು ಮರೆಯಲಾರದ ಶನಿವಾರ. ಅದಕ್ಕೆ ಎರಡು ದಿನ ಮುಂಚೆ, ಸೆಪ್ಟೆಂಬರ್ 12ರಂದು, ಬಾಯ್ಸಿ ಸ್ಟೇಟ್, ಕೊಲರಾಡೊ ಸ್ಟೇಟ್, ಫ್ರೆಸ್ನೋ ಸ್ಟೇಟ್, ಸ್ಯಾನ್ ಡಿಯಾಗೊ ಸ್ಟೇಟ್ ನಾಲ್ಕೂ 2026ರಿಂದ ಪ್ಯಾಕ್-12 ಸೇರುವುದಾಗಿ ಘೋಷಿಸಿದ್ದವು. ಶನಿವಾರ ಸಿಯಾಟಲ್‌ನಲ್ಲಿ ಆಪಲ್ ಕಪ್: ಒಂದೇ ರಾಜ್ಯದ ವಾಷಿಂಗ್ಟನ್ ಮತ್ತು ವಾಷಿಂಗ್ಟನ್ ಸ್ಟೇಟ್ ತಂಡಗಳ ಹಳೆಯ ಹಗೆ. ಇದು ಸಾಮಾನ್ಯವಾಗಿ ನವೆಂಬರ್ ಕೊನೆಯ, ಚಳಿಯ ಪಂದ್ಯ. ಕಾನ್ಫರೆನ್ಸ್ ಬೇರೆಯಾದ್ದರಿಂದ ಸೆಪ್ಟೆಂಬರ್‌ಗೆ ಬಂದಿತ್ತು. ಸ್ಪ್ರೆಡ್ ವಾಷಿಂಗ್ಟನ್ ಪರ. ಕೊನೆಯ ನಿಮಿಷಗಳಲ್ಲಿ ವಾಷಿಂಗ್ಟನ್ 24–19ರಿಂದ ಹಿಂದಿತ್ತು, ಚೆಂಡು ಗೆರೆಯ ಹತ್ತಿರ, ನಾಲ್ಕನೆಯ, ಅಂದರೆ ಕೊನೆಯ ಪ್ರಯತ್ನ. ಚೆಂಡು ಹಿಡಿದು ಓಡಿದ ಆಟಗಾರನನ್ನು ಪುಲ್‌ಮನ್‌ನ ರಕ್ಷಕರು ಗೆರೆ ಮುಟ್ಟುವ ಮುನ್ನ ಹಿಡಿದು ಕೆಡವಿದರು. ಅಲ್ಲಿಗೆ ಮುಗಿಯಿತು. ನನ್ನ ಮನೆಯಲ್ಲಿ ನಾನೊಬ್ಬನೇ ಇದ್ದೆ, ಆದರೂ ಎದ್ದು ನಿಂತು ಚಪ್ಪಾಳೆ ತಟ್ಟಿದೆ.

ಆ ವರ್ಷ ಪುಲ್‌ಮನ್ ತಂಡ 8–2ರಲ್ಲಿದ್ದಾಗ, ಸತತ ಐದು ಸೋತಿದ್ದ ಒರೆಗಾನ್ ಸ್ಟೇಟ್ ಕೊರ್ವಾಲಿಸ್‌ನಲ್ಲಿ ಅದನ್ನು 41–38ರಿಂದ ಸೋಲಿಸಿತು. ಯಾವ ಅಂದಾಜೂ ಅದನ್ನು ಹೇಳಿರಲಿಲ್ಲ. ಋತು ಮುಗಿದೊಡನೆ ಕೋಚ್ ಜೇಕ್ ಡಿಕರ್ಟ್ ವೇಕ್ ಫಾರೆಸ್ಟ್‌ಗೆ, ಕ್ವಾರ್ಟರ್‌ಬ್ಯಾಕ್ ಜಾನ್ ಮಟೀರ್ ಒಕ್ಲಹೋಮಾಗೆ ಹೊರಟರು.

ಬೆಲೆ ತೆತ್ತವರು

ಫುಟ್‌ಬಾಲ್ ಬಗ್ಗೆಯೇ ಬರೆಯುತ್ತ ಹೋದರೆ ಪ್ರಕರಣ ಅರೆಬರೆಯಾಗುತ್ತದೆ. 2025ರ ಜೂನ್‌ನಲ್ಲಿ ವಾಷಿಂಗ್ಟನ್ ಸ್ಟೇಟ್ ತನ್ನ ಅಥ್ಲೆಟಿಕ್ಸ್ ತಂಡವನ್ನು ದೂರದ ಓಟಕ್ಕೆ ಸೀಮಿತಗೊಳಿಸಿತು. ಎಸೆತ, ಜಿಗಿತದ ಆಟಗಾರರಿಗೆ ಅಲ್ಲಿ ಜಾಗ ಇಲ್ಲವಾಯಿತು. 1978ರಲ್ಲಿ ಇದೇ ಶಾಲೆಯ ವಿದ್ಯಾರ್ಥಿ, ಕೆನ್ಯಾದ ಹೆನ್ರಿ ರೋನೊ 81 ದಿನಗಳಲ್ಲಿ ನಾಲ್ಕು ವಿಶ್ವದಾಖಲೆಗಳನ್ನು ಬರೆದಿದ್ದರು. ಸಿಯಾಟಲ್ ಮತ್ತು ಲಾಸ್ ಏಂಜಲಿಸ್‌ನ ಟಿವಿ ಮನೆಗಳ ಎಣಿಕೆಗೂ ಪುಲ್‌ಮನ್‌ನ ಒಬ್ಬ ಭಾರ ಎಸೆತಗಾರ್ತಿಯ ವಿದ್ಯಾರ್ಥಿವೇತನಕ್ಕೂ ನಂಟಿದೆ ಎಂದು 2022ರ ಜೂನ್‌ನಲ್ಲಿ ಯಾರಿಗೆ ಹೊಳೆದಿತ್ತು? ಅದೇ 2025ರಲ್ಲಿ ಯಾವ ಕಾನ್ಫರೆನ್ಸೂ ಇಲ್ಲದೆ ಆಡಿದ ಒರೆಗಾನ್ ಸ್ಟೇಟ್‌ನ ಬೇಸ್‌ಬಾಲ್ ತಂಡ ಒಮಾಹಾದ ರಾಷ್ಟ್ರೀಯ ಅಂತಿಮ ಸುತ್ತಿಗೆ ತಲುಪಿತು.

ಮನೆ ಮತ್ತೆ ಕಟ್ಟುವ ಕೆಲಸ ನಡೆಯಿತು, ಅದೂ ಪೂರ್ತಿ ಶುಭ್ರವಾದ ಕೈಗಳಿಂದಲ್ಲ. ಯೂಟಾ ಸ್ಟೇಟ್ ಬಂತು, ಫುಟ್‌ಬಾಲ್ ಇಲ್ಲದ ಗೊನ್ಜಾಗ ಬಂತು, 2025ರ ಜೂನ್ ಕೊನೆಗೆ ಟೆಕ್ಸಸ್ ಸ್ಟೇಟ್ ಎಂಟನೆಯ ಫುಟ್‌ಬಾಲ್ ಸದಸ್ಯನಾಯಿತು. ಸಿಬಿಎಸ್ ಜೊತೆ ಪ್ರಸಾರ ಒಪ್ಪಂದವೂ ಆಯಿತು. ಆದರೆ ಎಂಟರಲ್ಲಿ ಐದು ತಂಡಗಳು ಬಂದದ್ದು ಮೌಂಟನ್ ವೆಸ್ಟಿನಿಂದ. ಕಷ್ಟದಲ್ಲಿ ಪಂದ್ಯ ಕೊಟ್ಟು ಕಾಪಾಡಿದ ಕೂಟದಿಂದ! ಆ ಕರಾರಿನಲ್ಲಿದ್ದ, ಸದಸ್ಯರನ್ನು ಸೆಳೆದರೆ ತೆರಬೇಕಾದ 5.5 ಕೋಟಿ ಡಾಲರ್ ದಂಡವನ್ನು ತಪ್ಪಿಸಲು ಪ್ಯಾಕ್-12 ನ್ಯಾಯಾಲಯಕ್ಕೆ ಹೋಯಿತು. ನನ್ನ ಶಾಲೆಗೆ ಆದದ್ದನ್ನು ನನ್ನ ಶಾಲೆ ಇನ್ನೊಬ್ಬರಿಗೆ ಮಾಡಿತು. ಬೇರೆ ದಾರಿ ಇರಲಿಲ್ಲ ಎಂದು ನನಗೆ ಗೊತ್ತು. 2023ರ ಆಗಸ್ಟ್ 4ರಂದು ಸಿಯಾಟಲ್‌ನವರೂ ಇದನ್ನೇ ಹೇಳಿದ್ದರು ಎಂಬುದೂ ಗೊತ್ತು.

2025ರಲ್ಲಿ ಪಂದ್ಯಗಳ ಕೊರತೆಯಿಂದ ಇಬ್ಬರೂ ಪರಸ್ಪರ ಎರಡೆರಡು ಸಲ ಆಡಬೇಕಾಯಿತು, ಒಮ್ಮೆ ಕೊರ್ವಾಲಿಸ್‌ನಲ್ಲಿ, ಒಮ್ಮೆ ಪುಲ್‌ಮನ್‌ನಲ್ಲಿ. 2026ರ ಜುಲೈ 1ರಿಂದ ಹೊಸ ಪ್ಯಾಕ್-12ರ ಲೆಕ್ಕ. ಪ್ರತಿ ಆಗಸ್ಟ್‌ನಲ್ಲಿ ನನ್ನ ಪುಸ್ತಕದಲ್ಲಿ ನಾನೂ ಒಂದು ಅಂದಾಜು ಬರೆದಿಡುತ್ತೇನೆ. ಮೊದಲೆಲ್ಲ ಮೂರೇ ಕಂಬಸಾಲುಗಳಿದ್ದವು: ಹಿಂದಿನ ವರ್ಷದ ಗೆಲುವು, ಮರಳುವ ಆಟಗಾರರು, ಕ್ವಾರ್ಟರ್‌ಬ್ಯಾಕ್. ಈಗ ಪುಟದ ಎಡಕ್ಕೆ ಇನ್ನೂ ಮೂರು ಗೆರೆ ಎಳೆದಿದ್ದೇನೆ: ಕೋಚ್ ಬಂದು ಎಷ್ಟು ವರ್ಷವಾಯಿತು, ತಂಡ ಎಷ್ಟು ಗಂಟೆಗಳ ಗಡಿಯಾರ ದಾಟಬೇಕು, ಈ ಕಾನ್ಫರೆನ್ಸ್‌ನಲ್ಲಿ ಇದು ಎಷ್ಟನೆಯ ವರ್ಷ. ಹೊಸ ಪ್ಯಾಕ್-12ರ ಎಂಟು ತಂಡಗಳಲ್ಲಿ ಆರು ತಂಡಗಳ ಎದುರು, ಆ ಕೊನೆಯ ಸಾಲಿನಲ್ಲಿ, ‘1’ ಎಂದು ಬರೆಯಬೇಕಾಗುತ್ತದೆ.